ಹೊಸ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಪಾಚಿ: ಯಾವುದಕ್ಕೆ ಯಾವ ಉಪಾಯ?

ಉಪ್ಪುನೀರಿನ ಟ್ಯಾಂಕ್ ಶುರುಮಾಡಿ ಮೂರು ವಾರ ಕಳೆಯುವಷ್ಟರಲ್ಲಿ ಬಿಳಿ ಮರಳಿನ ಮೇಲೆ ಕಂದು ಪುಡಿ ಕೂರುತ್ತದೆ. ಎರಡನೆಯ ತಿಂಗಳಿಗೆ ಕಲ್ಲುಗಳ ಮೇಲೆ ಹಸಿರು ಕೂದಲು ಏಳುತ್ತದೆ. ಗಾಬರಿಯಾಗಿ ಅಂಗಡಿಗೆ ಹೋದರೆ ಒಂದು ಬಾಟಲಿ ಕೊಡುತ್ತಾರೆ, ಗೆಳೆಯರನ್ನು ಕೇಳಿದರೆ ಇನ್ನೊಂದು ಪುಡಿ ಹೇಳುತ್ತಾರೆ. ಎರಡೂ ಕೆಲಸ ಮಾಡಬಹುದು, ಎರಡೂ ಟ್ಯಾಂಕನ್ನು ಕೆಡಿಸಬಹುದು. ಬೆಳೆದಿರುವುದು ಏನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೂದಲು ಪಾಚಿಯನ್ನು ಸೊರಗಿಸಲು ಅದರ ಆಹಾರವಾದ ನೈಟ್ರೇಟ್, ಫಾಸ್ಫೇಟ್ ಇಳಿಸುತ್ತೇವೆ. ಅವೆರಡನ್ನೂ ಸೊನ್ನೆಗೆ ಇಳಿಸಿಬಿಟ್ಟರೆ ಅದಕ್ಕಿಂತ ಹತ್ತು ಪಾಲು ಕೆಟ್ಟದಾದ ಡೈನೋಫ್ಲಾಜೆಲೇಟ್ (ಡೈನೋ) ಎಂಬ ಕಂದು ಸೂಕ್ಷ್ಮಜೀವಿಗಳಿಗೆ ಜಾಗ ಬಿಟ್ಟುಕೊಟ್ಟಂತೆ. ಹೊಸಬರ ಟ್ಯಾಂಕ್‌ಗಳು ಹಾಳಾಗುವುದು ಪಾಚಿಯಿಂದಲ್ಲ, ಪಾಚಿಯ ಮೇಲಿನ ಸಿಟ್ಟಿನಲ್ಲಿ ಒಂದೇ ವಾರದಲ್ಲಿ ನಾಲ್ಕು ಉಪಾಯ ಒಟ್ಟಿಗೆ ಮಾಡುವುದರಿಂದ.

ಇಲ್ಲಿನ ಅಳತೆಗಳೆಲ್ಲ ಕಲ್ಲು, ಮರಳು ಕಳೆದು 200 ಲೀಟರ್ ನೀರು ಉಳಿಯುವ ಟ್ಯಾಂಕ್‌ಗೆ: ಒಣ ಕಲ್ಲಿನಿಂದ ಶುರುವಾದದ್ದು, ಒಂದೆರಡು ಕ್ಲೌನ್ ಮೀನು, ಮುಂದೆ ಮೆದು ಹವಳ ಇಡುವ ಆಸೆ. ನಮ್ಮಲ್ಲಿ ಒಣ ಕಲ್ಲೇ ಸರಿಯಾದ ಆಯ್ಕೆ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ನೇತ್ರಾಣಿಯಿಂದಾಗಲಿ ರಾಮೇಶ್ವರದಿಂದಾಗಲಿ ತಂದ ಹವಳದ ಕಲ್ಲನ್ನು ಕೊಳ್ಳುವುದು ಅಪರಾಧ. ಒಣ ಕಲ್ಲಿಗೆ ಬೆಲೆ ತೆರುವುದು ಕಾಯುವುದರಲ್ಲಿ: ಅದರ ಮೇಲೆ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ಯಾವುವೂ ಇರುವುದಿಲ್ಲ, ಖಾಲಿ ಜಾಗಕ್ಕೆ ಪಾಚಿಯೇ ಮೊದಲು ಬರುತ್ತದೆ.

ಮೊದಲು ಗುರುತು ಹಿಡಿಯಿರಿ

ಗಾಜಿನ ಮೇಲೆ, ಮರಳಿನ ಮೇಲೆ ಕಂದು ಧೂಳಿನಂತೆ ಕೂತು, ಬೆರಳಾಡಿಸಿದರೆ ಎದ್ದುಹೋಗುವುದು ಡಯಾಟಮ್. ನೀರು ಮತ್ತು ಮರಳಿನಲ್ಲಿರುವ ಸಿಲಿಕೇಟ್ ಅದರ ಆಹಾರ. ಅದು ಮುಗಿದ ಮೇಲೆ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಹೋಗುತ್ತದೆ. ಇದಕ್ಕೆ ದುಡ್ಡು ಖರ್ಚು ಮಾಡಬೇಡಿ.

ಕೆಂಪು ಅಥವಾ ಕಡುನೇರಳೆ ಬಣ್ಣದ ಹಾವಸೆ, ಎಳೆದರೆ ಹಾಳೆಯಂತೆ ಕಿತ್ತು ಬರುತ್ತದೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ: ಅದು ಸಯನೋಬ್ಯಾಕ್ಟೀರಿಯಾ. ನೀರಿನ ಹರಿವು ಸತ್ತ ಮೂಲೆಗಳಲ್ಲಿ ಮೊದಲು ಕಾಣುತ್ತದೆ.

ಹಸಿರು ಎಳೆಗಳಲ್ಲಿ ಎರಡು ಬಗೆಯನ್ನು ಬೇರೆ ಮಾಡಿಕೊಳ್ಳಬೇಕು. ಮಾಮೂಲಿ ಕೂದಲು ಪಾಚಿ ಉದ್ದುದ್ದ, ಮೆತ್ತಗೆ, ಹೊರತೆಗೆದರೆ ಒದ್ದೆ ಕೂದಲಿನ ಉಂಡೆ. ಬ್ರಯೋಪ್ಸಿಸ್ ಎಳೆಯನ್ನು ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ನೋಡಿದರೆ ಜರೀಗಿಡದ ಎಲೆಯಂತೆ ಎರಡೂ ಬದಿಗೆ ಗರಿಗಳು ಕಾಣುತ್ತವೆ. ಮೊದಲನೆಯದನ್ನು ಬಸವನಹುಳುಗಳು ತಿನ್ನುತ್ತವೆ, ಎರಡನೆಯದನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಹಸಿರು ಗೋಲಿಯಂಥ ಗುಳ್ಳೆಗಳು ಕಂಡರೆ ಅದು ವಲೋನಿಯಾ. ಅದನ್ನು ಟ್ಯಾಂಕ್ ಒಳಗೆ ಒಡೆಯದೆ, ಬುಡದಿಂದ ಎಬ್ಬಿಸುತ್ತಲೇ ಪೈಪ್‌ನಿಂದ ಹೀರಿ ತೆಗೆಯಿರಿ.

ಕಷ್ಟದ ಪ್ರಶ್ನೆ ಡಯಾಟಮ್ ಮತ್ತು ಡೈನೋಗಳ ನಡುವಿನದು, ಏಕೆಂದರೆ ಎರಡೂ ಕಂದು. ಡೈನೋ ಸಿಂಬಳದಂತೆ ಎಳೆಯಾಗಿ ನೇತಾಡುತ್ತದೆ, ಎಳೆಗಳ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿರುತ್ತದೆ. ಬೆಳಗ್ಗೆ ಕಡಿಮೆ, ಸಂಜೆಗೆ ಹೆಚ್ಚು, ರಾತ್ರಿ ದೀಪ ಆರಿದ ಮೇಲೆ ಅರ್ಧಕ್ಕರ್ಧ ಮಾಯ. ಅನುಮಾನವಿದ್ದರೆ ಈ ಪರೀಕ್ಷೆ ಮಾಡಿ. ಸ್ವಲ್ಪ ಕಂದು ವಸ್ತುವನ್ನು ಟ್ಯಾಂಕ್ ನೀರಿನ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ ಜೋರಾಗಿ ಅಲ್ಲಾಡಿಸಿ. ಟಿಶ್ಯೂ ಕಾಗದದಲ್ಲಿ ಸೋಸಿ, ಕೆಳಗಿಳಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ, ಮುದ್ದೆ ಕಟ್ಟಿಕೊಂಡರೆ ಡೈನೋ. 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂಬುದು ಕೊನೆಯಲ್ಲಿ ಬರುತ್ತದೆ.

ನೀರಿನ ಆಯ್ಕೆ

ಇಲ್ಲಿ ತಪ್ಪಿದರೆ ಮುಂದಿನ ಯಾವ ಆಯ್ಕೆಯೂ ನಿಲ್ಲುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ನಲ್ಲಿ ನೀರು, ಬೋರ್‌ವೆಲ್ ನೀರು ಎರಡೂ ಬೇಡ. ಬೋರ್‌ವೆಲ್ ನೀರಿನಲ್ಲಿ ಗಡಸುತನದ ಜೊತೆ ಸಿಲಿಕೇಟ್, ನೈಟ್ರೇಟ್ ಬರುತ್ತವೆ. ಆವಿಯಾದ ನೀರಿನ ಬದಲಿಗೆ ದಿನಾ ಅದನ್ನೇ ತುಂಬಿದರೆ ಅವೆಲ್ಲ ಟ್ಯಾಂಕ್‌ನಲ್ಲೇ ಕೂಡುತ್ತಾ ಹೋಗುತ್ತವೆ. ಆವಿಯಾಗುವುದು ಬರೀ ನೀರು.

ಅಡುಗೆಮನೆಯ ಆರ್‌ಒ ಯಂತ್ರದ ನೀರು ಸಾಕು ಎಂದು ಬಹಳ ಮಂದಿ ನಂಬುತ್ತಾರೆ. ಸಾಲದು. ಕುಡಿಯಲು ರುಚಿ ಬರಲೆಂದು ಈ ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಕಂಟ್ರೋಲರ್ ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವದರಲ್ಲಿ ಖನಿಜದ ಕಾರ್ಟ್ರಿಜ್ ಕೂಡ ಉಂಟು. ಮೀಟರ್ ಇಟ್ಟು ನೋಡಿದರೆ 50ರಿಂದ 100 ಪಿಪಿಎಂ ಸಾಮಾನ್ಯ. ಅದೇ ಯಂತ್ರವನ್ನು ಬಳಸಬೇಕೆಂದಿದ್ದರೆ ಮೆಂಬ್ರೇನ್‌ನಿಂದ ನೇರ ಹೊರಬರುವ ಪೈಪ್‌ಗೆ ಟೀ ಜಾಯಿಂಟ್ ಹಾಕಿಸಿ, ಅಲ್ಲಿಂದ ಉಳಿದ ಲವಣಗಳನ್ನೂ ಹಿಡಿಯುವ ಮಿಕ್ಸೆಡ್ ಬೆಡ್ ಡಿಐ (ಡಿಅಯೊನೈಸೇಶನ್) ರೆಸಿನ್ ತುಂಬಿದ ಒಂದು ಹೌಸಿಂಗ್ ಜೋಡಿಸಿ. ಖರ್ಚಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬೇಕಾದ ಫಲಿತಾಂಶ ಟಿಡಿಎಸ್ 0. ಒಳಬರುವ ನೀರು 800 ಪಿಪಿಎಂ ಇದ್ದು ಮೆಂಬ್ರೇನ್ ಶೇಕಡಾ 95ರಷ್ಟು ತಡೆದರೂ 40 ಪಿಪಿಎಂ ರೆಸಿನ್‌ಗೆ ಬೀಳುತ್ತದೆ, ರೆಸಿನ್ ಬೇಗ ಸವೆಯುತ್ತದೆ. ಸವೆದ ರೆಸಿನ್ ಮೊದಲು ಕೈಬಿಡುವ ವಸ್ತುಗಳಲ್ಲಿ ಸಿಲಿಕೇಟ್ ಒಂದು. ಮೀಟರ್ 1–2 ತೋರಿಸಿದ ಕೂಡಲೇ ರೆಸಿನ್ ಬದಲಿಸಿ. ತಿಂಗಳು ಕಳೆದು ಮಾಯವಾದ ಡಯಾಟಮ್ ಮತ್ತೆ ಬಂದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಮಂಗಳೂರು, ಕಾರವಾರದ ಕಡೆಯವರಿಗೆ ಸಮುದ್ರದ ನೀರು ಪುಕ್ಕಟೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಕೆಸರು ತಂದು ಸುರಿಯುತ್ತವೆ, ಉಪ್ಪಿನಂಶ ಇಳಿಯುತ್ತದೆ. ಬಂದರಿನ ಹತ್ತಿರ ಡೀಸೆಲ್ ಎಣ್ಣೆಯ ಕಾಟ. ಪೊಟ್ಟಣದ ಉಪ್ಪನ್ನೇ ಬಳಸಿ: 20 ಲೀಟರ್ ಡಿಐ ನೀರಿಗೆ ಸುಮಾರು 700–760 ಗ್ರಾಂ, ಉಪ್ಪಿನಂಶ 35 ಪಿಪಿಟಿ ಬರುವವರೆಗೆ.

ದೀಪ, ಕೈ, ಮೇಯುವ ಜೀವಿಗಳು

ಇವು ಮೂರೂ ಅಗ್ಗ, ಮೂರೂ ನಿರಪಾಯ. ಹೊಸ ಟ್ಯಾಂಕ್‌ನ ಮೊದಲ ಮೂರು ತಿಂಗಳು ಇವುಗಳಲ್ಲೇ ಕಳೆಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹವಳವೇ ಇಲ್ಲದ ಟ್ಯಾಂಕ್‌ಗೆ ಎಂಟು ಗಂಟೆ ದೀಪ ಯಾಕೆ? ಅಮೋನಿಯ, ನೈಟ್ರೈಟ್ ಇಳಿಯುವ ಮೊದಲ ನಾಲ್ಕಾರು ವಾರ ದೀಪ ಹಚ್ಚಲೇಬೇಡಿ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ. ಆ ಹಂತದಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಸತ್ತ ಸಿಗಡಿ ಹಾಕಿ ಕೊಳೆಸುವ ಹಳೆಯ ಪದ್ಧತಿಗಿಂತ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಅಮೋನಿಯವನ್ನು 2 ಪಿಪಿಎಂಗೆ ಏರಿಸುವುದು ಮೇಲು, ಏಕೆಂದರೆ ಸಿಗಡಿಯ ಜೊತೆ ಫಾಸ್ಫೇಟೂ ಸೇರುತ್ತದೆ. ಮೀನು ಬಂದ ಮೇಲೆ ದಿನಕ್ಕೆ ಆರು ಗಂಟೆ, ನೀಲಿ ಹೆಚ್ಚು, ಬಿಳಿ ಮತ್ತು ಕೆಂಪು ಕಡಿಮೆ. ಕಿಟಕಿಯ ಬಿಸಿಲು ಬೀಳುವ ಗೋಡೆಯ ಬಳಿ ಟ್ಯಾಂಕ್ ಇದ್ದರೆ ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ.

ಕೂದಲು ಪಾಚಿಯನ್ನು ಕೈಯಿಂದ ಕೀಳುವುದಕ್ಕೆ ಸಮನಾದ ಔಷಧಿಯಿಲ್ಲ. ಕಿತ್ತದ್ದು ನೀರಿನಲ್ಲಿ ತೇಲಲು ಬಿಡಬೇಡಿ. ಒಂದು ಕೈಯಲ್ಲಿ ಗಟ್ಟಿ ಹಲ್ಲುಜ್ಜುವ ಬ್ರಷ್, ಇನ್ನೊಂದರಲ್ಲಿ ಹೀರುವ ಪೈಪ್, ಕೆಳಗಿನ ಬಕೆಟ್‌ನಲ್ಲಿ ಫಿಲ್ಟರ್ ಸಾಕ್. ವಾರಕ್ಕೆ ಶೇಕಡಾ 10 ನೀರು ಬದಲಿಸುವಾಗ ಈ ಕೆಲಸವನ್ನೂ ಮಾಡಿದರೆ ಪಾಚಿ ಕಟ್ಟಿಟ್ಟುಕೊಂಡ ಪೋಷಕಾಂಶವೆಲ್ಲ ಟ್ಯಾಂಕ್‌ನಿಂದ ಹೊರಗೆ. ಬರೀ ನೀರು ಬದಲಿಸುವುದರಿಂದ ಪಾಚಿ ಹೋಗುತ್ತದೆಂದು ನಂಬಬೇಡಿ. ಶೇಕಡಾ 10 ಬದಲಿಸಿದರೆ ನೈಟ್ರೇಟ್ ಇಳಿಯುವುದೂ ಶೇಕಡಾ 10 ಮಾತ್ರ. ಫಾಸ್ಫೇಟ್ ಅಷ್ಟೂ ಇಳಿಯದು, ಕಲ್ಲಿನಲ್ಲಿ ಅಂಟಿದ್ದು ಎರಡು ದಿನದಲ್ಲಿ ಮತ್ತೆ ನೀರಿಗೆ ಬರುತ್ತದೆ.

ಮೇಯುವ ಜೀವಿಗಳಲ್ಲಿ ನಮ್ಮ ಮೊದಲ ಆಯ್ಕೆ ಸೆರಿತ್ ಬಸವನಹುಳು. ಚಿಕ್ಕದು, ರಾತ್ರಿಯಿಡೀ ಗಾಜು, ಮರಳು, ಕಲ್ಲಿನ ಸಂದಿ ಎಲ್ಲ ಕಡೆ ಮೇಯುತ್ತದೆ. 200 ಲೀಟರ್‌ಗೆ ಎಂಟರಿಂದ ಹತ್ತು ಸಾಕು. ಟರ್ಬೋ ಕೂದಲು ಪಾಚಿಯನ್ನು ಇದಕ್ಕಿಂತ ಬೇಗ ತಿನ್ನುತ್ತದೆ, ಆದರೆ ಭಾರ ಹೆಚ್ಚು. ಅಂಟಿಸದ ಹವಳಗಳನ್ನು ಉರುಳಿಸುತ್ತದೆ, ಮಗುಚಿ ಬಿದ್ದರೆ ಮರಳಿನ ಮೇಲೆ ಎದ್ದುಕೊಳ್ಳಲಾರದೆ ಸಾಯುತ್ತದೆ. ಎರಡು ಇದ್ದರೆ ಸಾಕು. ಟ್ರೋಕಸ್ ತಾನೇ ಮಗುಚಿಕೊಳ್ಳಬಲ್ಲದು. ಆದರೆ ಟ್ರೋಕಸ್ ನೈಲೋಟಿಕಸ್, ಟರ್ಬೋ ಮಾರ್ಮೊರೇಟಸ್ ಜಾತಿಗಳು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ, ಜಾತಿಯ ಹೆಸರು ಕೇಳಿ ಬಿಲ್ ತೆಗೆದುಕೊಳ್ಳಿ. ನಸಾರಿಯಸ್‌ ಅನ್ನು ಪಾಚಿಗೆಂದು ಮಾರುವವರಿದ್ದಾರೆ. ಅದು ಪಾಚಿ ತಿನ್ನುವುದಿಲ್ಲ, ಉಳಿದ ಮಾಂಸಾಹಾರವನ್ನು ತಿನ್ನುತ್ತದೆ. ಹರ್ಮಿಟ್ ಏಡಿ ಪಾಚಿ ತಿನ್ನುತ್ತದೆ, ಜೊತೆಗೆ ಚಿಪ್ಪಿಗಾಗಿ ಬಸವನಹುಳುಗಳನ್ನೂ ಕೊಲ್ಲುತ್ತದೆ.

ಮೀನಿನಲ್ಲಿ ಲಾನ್‌ಮೋವರ್ ಬ್ಲೆನಿ ಈ ಅಳತೆಯ ಟ್ಯಾಂಕ್‌ಗೆ ಹೊಂದುತ್ತದೆ. ಟ್ಯಾಂಗ್ ಮೀನು ಪಾಚಿಗೆ ಒಳ್ಳೆಯದೇ, ಆದರೆ ಅದಕ್ಕೆ ಕನಿಷ್ಠ ನಾಲ್ಕು ಅಡಿ ಉದ್ದದ ಟ್ಯಾಂಕ್ ಬೇಕು. ಪಾಚಿ ತಿನ್ನಲಿ ಎಂದು ಎರಡಡಿ ಟ್ಯಾಂಕ್‌ಗೆ ಅದನ್ನು ತರುವುದು ಮೀನಿಗೆ ಮಾಡುವ ಅನ್ಯಾಯ. ಸೀ ಹೇರ್ ಎಂಬ ದೊಡ್ಡ ಮೃದ್ವಂಗಿ ಒಂದು ವಾರದಲ್ಲಿ ಕಲ್ಲನ್ನು ಬೋಳಿಸಬಲ್ಲದು. ಆಮೇಲೆ ಅದಕ್ಕೆ ಊಟವಿಲ್ಲ. ಹಸಿದು ಸತ್ತರೆ ನೀರು ಕೆಡುತ್ತದೆ, ಪಂಪಿಗೆ ಸಿಕ್ಕರೂ ಕೆಡುತ್ತದೆ. ಕೆಲಸ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುವವರಿದ್ದರೆ ಮಾತ್ರ ತನ್ನಿ.

ತಂದ ಬಸವನಹುಳುಗಳು ವಾರದೊಳಗೆ ಸತ್ತರೆ ಕಾರಣ ಹೆಚ್ಚಾಗಿ ಉಪ್ಪಿನಂಶದ ವ್ಯತ್ಯಾಸ. ಹಲವು ಅಂಗಡಿಗಳು ಟ್ಯಾಂಕ್‌ಗಳನ್ನು 1.018–1.020 ಸಾಪೇಕ್ಷ ಸಾಂದ್ರತೆಯಲ್ಲಿ ಇಡುತ್ತವೆ, ನಿಮ್ಮ 35 ಪಿಪಿಟಿ ಅಂದರೆ ಸುಮಾರು 1.026. ಡ್ರಿಪ್ ಪೈಪ್‌ನಿಂದ ಹನಿಹನಿಯಾಗಿ ಎರಡು ಗಂಟೆ ಹೊಂದಿಸಿಯೇ ಒಳಬಿಡಿ.

ಪೋಷಕಾಂಶ ತಗ್ಗಿಸುವ ದಾರಿಗಳು

ಈ ಹಂತಕ್ಕೆ ಬರುವ ಮೊದಲು ಅಳೆಯಿರಿ. ಗುರಿ: ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.10 ಪಿಪಿಎಂ. ಫಾಸ್ಫೇಟ್‌ಗೆ ಬಣ್ಣ ಹೋಲಿಸುವ ಅಗ್ಗದ ಕಿಟ್ ನಂಬಬೇಡಿ. ಹನ್ನಾದ ಅಲ್ಟ್ರಾ ಲೋ ರೇಂಜ್ ಚೆಕ್ಕರ್‌ನಂಥ ಅಂಕಿ ತೋರಿಸುವ ಮೀಟರ್ ಬೇಕು. ಅದರಲ್ಲೂ 0.02ರಷ್ಟು ಆಚೀಚೆ ಇರುತ್ತದೆ. ಕಲ್ಲೆಲ್ಲ ಕೂದಲಾಗಿದ್ದು ಮೀಟರ್ ಮಾತ್ರ 0.00 ತೋರಿಸಿದರೆ ಅದು ನಿಜವಾದ ಸೊನ್ನೆಯಲ್ಲ. ಬಂದ ಫಾಸ್ಫೇಟನ್ನೆಲ್ಲ ಪಾಚಿಯೇ ಹೀರುತ್ತಿದೆ. ಆಗ ಬೇಕಾದದ್ದು ಬ್ರಷ್ಷು, ರಾಸಾಯನಿಕ ಅಲ್ಲ.

ಫಾಸ್ಫೇಟ್ 0.2 ದಾಟಿದ್ದು ನಿಜವಾದರೆ ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡ್ ಕಾಳು, ವೇಗದ ದಾರಿ. ಡಿಐ ನೀರಿನಲ್ಲಿ ಕೆಂಪು ಹೋಗುವವರೆಗೆ ತೊಳೆದು, ರಿಯಾಕ್ಟರ್‌ನಲ್ಲಿ (ಕಾಳಿನ ಮೂಲಕ ನೀರು ಹಾಯಿಸುವ ಕೊಳವೆ) ಕಾಳು ಮೇಲ್ಮೈಯಲ್ಲಿ ಮೆಲ್ಲಗೆ ಅಲುಗುವಷ್ಟು ಹರಿವು ಕೊಡಿ. ಪೊಟ್ಟಣದ ಮೇಲಿನ ಪ್ರಮಾಣದ ಅರ್ಧದಿಂದ ಶುರುಮಾಡಿ, ಎರಡು ದಿನಕ್ಕೊಮ್ಮೆ ಅಳೆಯಿರಿ. 0.05 ಮುಟ್ಟಿದಾಗ ರಿಯಾಕ್ಟರ್ ನಿಲ್ಲಿಸಿ. ನಿಲ್ಲಿಸುವುದನ್ನು ಮರೆಯುವುದೇ ಇಲ್ಲಿನ ದೊಡ್ಡ ಅಪಾಯ. ಲ್ಯಾಂಥನಮ್ ಕ್ಲೋರೈಡ್ ಇನ್ನೂ ವೇಗ, ಆದರೆ ಅದು ಕಟ್ಟುವ ಬಿಳಿ ಗಸಿ ಮೀನಿನ ಕಿವಿರಿಗೆ ಕಷ್ಟ. ಅದರ ಸರಿಯಾದ ಜಾಗ ಟ್ಯಾಂಕ್ ಅಲ್ಲ. ಒಣ ಕಲ್ಲನ್ನು ಟ್ಯಾಂಕ್‌ಗೆ ಹಾಕುವ ಮೊದಲು ಡ್ರಮ್ಮಿನಲ್ಲಿ ನೆನೆಹಾಕಿ ಫಾಸ್ಫೇಟ್ ತೆಗೆಯುವಾಗ ಅದನ್ನು ಬಳಸಿ.

ನಿಧಾನವಾದರೂ ಬಾಳಿಕೆ ಬರುವುದು ರೆಫ್ಯೂಜಿಯಂ: ಸಂಪ್‌ನ (ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ) ಒಂದು ಕೋಣೆಯಲ್ಲಿ ಕೀಟೊಮಾರ್ಫ ಎಂಬ ಪಾಚಿ ಬೆಳೆಸಿ, ಟ್ಯಾಂಕ್ ದೀಪ ಆರಿದ ಮೇಲೆ ಅದರ ದೀಪ ಹಚ್ಚಿದರೆ ರಾತ್ರಿ ಪಿಎಚ್ ಕುಸಿಯುವುದೂ ತಪ್ಪುತ್ತದೆ. ಉಂಡೆ ಕೋಣೆ ತುಂಬಿದಾಗ ಅರ್ಧ ಹೊರತೆಗೆಯಿರಿ. ಹೊರತೆಗೆದದ್ದೇ ಲಾಭ, ಹಾಗೇ ಬಿಟ್ಟರೆ ಏನೂ ಇಲ್ಲ. ಹೊಸ ಟ್ಯಾಂಕ್‌ನಲ್ಲಿ ನೈಟ್ರೇಟ್ ತೀರಾ ಕಡಿಮೆಯಿದ್ದರೆ ಕೀಟೊ ಬೆಳೆಯದೆ ಬಿಳಿಚಿಕೊಳ್ಳುತ್ತದೆ, ಅದರ ಮೇಲೇ ಕೂದಲು ಪಾಚಿ ಹಬ್ಬುತ್ತದೆ. ಅಗ್ಗಕ್ಕೆ ಸಿಗುವ ಕಾಲರ್ಪಾ ಪಾಚಿ ಬೇಡ. ಒಂದು ದಿನ ಇದ್ದಕ್ಕಿದ್ದಂತೆ ಬೀಜಕಣ ಬಿಟ್ಟು ಕರಗಿ, ತಿಂಗಳುಗಟ್ಟಲೆ ಹೀರಿದ್ದನ್ನೆಲ್ಲ ವಾಪಸು ನೀರಿಗೆ ಸುರಿಯುತ್ತದೆ.

ಆಲ್ಗೆ ಸ್ಕ್ರಬ್ಬರ್, ಅಂದರೆ ನೀರು ಹರಿಯುವ ಪರದೆಯ ಮೇಲೆ ಬೇಕೆಂದೇ ಪಾಚಿ ಬೆಳೆಸುವ ಸಾಧನ, ಇದಕ್ಕಿಂತ ಸಣ್ಣ ಜಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ದಿನಕ್ಕೆ ಒಂದು ಕ್ಯೂಬ್ ಫ್ರೋಜನ್ ಆಹಾರಕ್ಕೆ ಎರಡೂ ಬದಿ ಬೆಳಕಿರುವ 12 ಚದರ ಇಂಚು ಪರದೆ, ಪರದೆಯ ಅಗಲದ ಪ್ರತಿ ಇಂಚಿಗೆ ಗಂಟೆಗೆ ಸುಮಾರು 130 ಲೀಟರ್ ಹರಿವು. ವಾರಕ್ಕೊಮ್ಮೆ ಕೆರೆದು ತೆಗೆಯಬೇಕು. ಕರೆಂಟ್ ಆಗಾಗ ಹೋಗುವ ಊರಿನಲ್ಲಿ ಪಂಪ್ ನಿಂತರೆ ಪರದೆ ಒಣಗುತ್ತದೆ. ಯುಪಿಎಸ್ ಇಲ್ಲದವರಿಗೆ ರೆಫ್ಯೂಜಿಯಂ ವಾಸಿ.

ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ, ಸ್ಕಿಮ್ಮರ್‌ನಿಂದ (ನೊರೆ ಎಬ್ಬಿಸಿ ಕಸ ತೆಗೆಯುವ ಯಂತ್ರ) ಅವನ್ನು ಹೊರತೆಗೆಯುವ ವಿಧಾನವೂ ಇದೆ. ಶೇಕಡಾ 5ರ ವಿನೆಗರ್ ಆದರೆ 200 ಲೀಟರ್‌ಗೆ ದಿನಕ್ಕೆ 2 ಮಿ.ಲೀ.ನಿಂದ ಶುರು. ಆದರೆ ಒಳ್ಳೆಯ ಸ್ಕಿಮ್ಮರ್ ಇಲ್ಲದಿದ್ದರೆ ರಾತ್ರಿ ಆಮ್ಲಜನಕ ಕುಸಿಯುತ್ತದೆ, ಸಯನೋಗೂ ಇದು ಊಟ. ಆರು ತಿಂಗಳು ತುಂಬದ ಟ್ಯಾಂಕ್‌ಗೆ ನಾವು ಇದನ್ನು ಹೇಳುವುದಿಲ್ಲ. ಸ್ಕಿಮ್ಮರ್ ಒಂದೇ ಸಾಕೇ ಎಂದರೆ, ಅದು ಕೊಳೆಯುವ ಮೊದಲೇ ಕಸ ಎತ್ತುತ್ತದೆ, ಆಗಲೇ ಕರಗಿದ ನೈಟ್ರೇಟ್, ಫಾಸ್ಫೇಟನ್ನು ಎತ್ತಲಾರದು.

ಔಷಧಿಗಳ ಸರದಿ

ಬ್ರಯೋಪ್ಸಿಸ್ ಖಚಿತವಾಗಿದ್ದರೆ ಫ್ಲೂಕೊನಝೋಲ್‌ಗೆ ಸಮನಾದದ್ದಿಲ್ಲ. ಪ್ರಮಾಣ ಲೀಟರ್‌ಗೆ 20 ಮಿ.ಗ್ರಾಂ., ಅಂದರೆ 200 ಲೀಟರ್‌ಗೆ 4,000 ಮಿ.ಗ್ರಾಂ., 150 ಮಿ.ಗ್ರಾಂ. ಕ್ಯಾಪ್ಸೂಲ್ ಆದರೆ 27. ಪುಡಿಯನ್ನು ಟ್ಯಾಂಕ್ ನೀರಿನಲ್ಲಿ ಕದಡಿ ಹಾಕಿ. ಫಿಲ್ಟರ್‌ನ ಕಾರ್ಬನ್ ತೆಗೆಯಿರಿ, ನೀರು ಶುದ್ಧಮಾಡುವ ಯುವಿ ದೀಪವಿದ್ದರೆ ಆರಿಸಿ, 14 ದಿನ ನೀರು ಬದಲಿಸಬೇಡಿ. ಮೊದಲ ವಾರ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಎಳೆಗಳು ಬಿಳಿಚಿ ಕರಗುತ್ತವೆ, ಆಗ ಅಮೋನಿಯ ಅಳೆಯುತ್ತಿರಿ. ಇದು ವೈದ್ಯರ ಚೀಟಿಯ ಮೇಲೆ ಕೊಡುವ ಶಿಲೀಂಧ್ರನಾಶಕ. ಸುಮ್ಮನೆ ಒಂದು ಸಲ ನೋಡೋಣ ಎಂದು ಬಳಸುವಂಥದ್ದಲ್ಲ. ಸಯನೋಗೂ ಡೈನೋಗೂ ಇದರಿಂದ ಏನೂ ಆಗುವುದಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಒಂದೆರಡು ಕಲ್ಲಿಗಷ್ಟೇ ಹಿಡಿದ ಪಾಚಿಗೆ ಒಳ್ಳೆಯದು. ಕಲ್ಲನ್ನು ಹೊರತೆಗೆದು, ಪಾಚಿಯ ಮೇಲೆ ಶೇಕಡಾ 3ರ ದ್ರಾವಣ ಸವರಿ, ಒಂದೆರಡು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು ಒಳಗಿಡಿ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು, ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿರುತ್ತದೆ. ಅದಕ್ಕೆ ಅಷ್ಟೇ ಡಿಐ ನೀರು ಬೆರೆಸಿಕೊಳ್ಳಿ. ಹೊರದೇಶದವರು ಬರೆದ ಪ್ರಮಾಣವನ್ನು ಹಾಗೇ ಹಾಕಿದರೆ ಇಮ್ಮಡಿಯಾಗುತ್ತದೆ, ಕ್ಲೀನರ್ ಸಿಗಡಿಗಳು ಮೊದಲು ಸಾಯುತ್ತವೆ.

ಸಯನೋಗೆ ಎರಿತ್ರೋಮೈಸಿನ್ ಹಾಕುವವರಿದ್ದಾರೆ. ಹಾವಸೆ ಎರಡು ದಿನದಲ್ಲಿ ಮಾಯವಾಗುತ್ತದೆ, ಕಾರಣ ಹಾಗೇ ಉಳಿದು ತಿಂಗಳಲ್ಲಿ ವಾಪಸು ಬರುತ್ತದೆ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ತಿರುಗಿಸಿ ಸತ್ತ ಮೂಲೆಗೆ ಹರಿವು ಕೊಟ್ಟು, ಹಾಳೆಗಳನ್ನು ಹೀರಿ ತೆಗೆದು, ಟ್ಯಾಂಕ್‌ಗೆ ಬಟ್ಟೆ ಮುಚ್ಚಿ ಮೂರು ದಿನ ಪೂರ್ತಿ ಕತ್ತಲೆ ಮಾಡುವುದು, ಜೊತೆಗೆ ಏರ್‌ಸ್ಟೋನ್ ಇಡುವುದು, ಹೆಚ್ಚಿನ ಟ್ಯಾಂಕ್‌ಗಳಲ್ಲಿ ಸಾಕಾಗುತ್ತದೆ. ಸಿಹಿನೀರಿನ ಟ್ಯಾಂಕ್‌ಗೆಂದು ಮಾರುವ ಪಾಚಿನಾಶಕಗಳಲ್ಲಿ ತಾಮ್ರ ಇರಬಹುದು. ಅದು ಬಸವನಹುಳು, ಸಿಗಡಿ, ಹವಳ ಎಲ್ಲವನ್ನೂ ಕೊಂದು, ಕಲ್ಲಿಗೆ ಅಂಟಿ ಉಳಿಯುತ್ತದೆ. ಯಾವ ಕಾರಣಕ್ಕೂ ಬೇಡ.

ಡೈನೋ ಬಂದಿದ್ದರೆ ಎಲ್ಲವೂ ತಿರುಗುಮುರುಗು

ಮೇಲೆ ಹೇಳಿದ ಜಿಎಫ್‌ಒ, ರೆಫ್ಯೂಜಿಯಂ ದೀಪ, ಸ್ಕ್ರಬ್ಬರ್ ಎಲ್ಲ ಮೊದಲು ನಿಲ್ಲಿಸಿ. ನೀರು ಬದಲಿಸುವುದನ್ನೂ ನಿಲ್ಲಿಸಿ. ಪೋಷಕಾಂಶ ಸೊನ್ನೆಯಾದಾಗ ಎದುರಾಳಿ ಪಾಚಿ, ಬ್ಯಾಕ್ಟೀರಿಯಾ ಸೊರಗಿ ಡೈನೋ ಗೆದ್ದಿದೆ. ಈಗ ಮಾಡಬೇಕಾದದ್ದು ಅವನ್ನು ಮೇಲೆತ್ತುವುದು. 200 ಲೀಟರ್‌ನಲ್ಲಿ ನೈಟ್ರೇಟ್ 5 ಪಿಪಿಎಂ ಏರಿಸಲು ಫುಡ್ ಗ್ರೇಡ್ ಸೋಡಿಯಂ ನೈಟ್ರೇಟ್ ಸುಮಾರು 1.4 ಗ್ರಾಂ ಬೇಕು. ಫಾಸ್ಫೇಟ್‌ಗೆ ತೂಗಲು ಆಗದಷ್ಟು ಚಿಕ್ಕ ಪ್ರಮಾಣ ಸಾಕು, ಅದಕ್ಕಿಂತ ಮೀನಿಗೆ ಇನ್ನೊಂದು ಹೊತ್ತು ಊಟ ಕೊಡುವುದು ಸುಲಭ. ನೈಟ್ರೇಟ್ 10, ಫಾಸ್ಫೇಟ್ 0.1ರ ಆಸುಪಾಸಿನಲ್ಲಿ ಹಿಡಿದಿಡಿ.

ಸೂಕ್ಷ್ಮದರ್ಶಕ ಬೇಕಾಗುವುದು ಇಲ್ಲಿ. ಕಣ್ಣೀರ ಹನಿಯ ಆಕಾರದಲ್ಲಿದ್ದು ತುದಿಯನ್ನು ಊರಿಕೊಂಡು ಸುತ್ತುವುದು ಆಸ್ಟ್ರಿಯಾಪ್ಸಿಸ್. ಅದು ರಾತ್ರಿ ನೀರಿಗೆ ಏಳುತ್ತದೆ, ಆದ್ದರಿಂದ ಯುವಿ ಅದನ್ನು ಕೊಲ್ಲುತ್ತದೆ. ಪ್ರತಿ 10–12 ಲೀಟರ್‌ಗೆ 1 ವ್ಯಾಟ್ ಲೆಕ್ಕ ಹಿಡಿದರೆ 200 ಲೀಟರ್‌ಗೆ 18 ವ್ಯಾಟ್. ನೀರನ್ನು ಸಂಪ್‌ನಿಂದ ಅಲ್ಲ, ಟ್ಯಾಂಕ್‌ನಿಂದಲೇ ಎಳೆದು ಟ್ಯಾಂಕ್‌ಗೇ ಬಿಡಬೇಕು, ಹರಿವು ಗಂಟೆಗೆ 200ರಿಂದ 600 ಲೀಟರ್. ಇದು ವಿಷ ಬಿಡುವ ಜಾತಿ, ಬಸವನಹುಳುಗಳು ಸಾಯುತ್ತಿದ್ದರೆ ಹೊಸ ಕಾರ್ಬನ್ ಹಾಕಿ. ದುಂಡಗೆ ಚಪ್ಪಟೆಯಾಗಿ, ಮರಳು ಬಿಟ್ಟು ಏಳದೆ ಇರುವುದು ದೊಡ್ಡ ಕಣದ ಆಂಫಿಡೀನಿಯಂ. ಅದಕ್ಕೆ ಯುವಿ ಹಾಕಿ ಪ್ರಯೋಜನವಿಲ್ಲ. ಮೊದಲ ತಿಂಗಳು ನಾವು ಬೇಡವೆಂದಿದ್ದ ಸಿಲಿಕೇಟನ್ನು ಬೇಕೆಂದೇ ಹಾಕಿ ಡಯಾಟಮ್ ಬೆಳೆಸುವುದು ಅದಕ್ಕೆ ದಾರಿ. ಸೋಡಿಯಂ ಸಿಲಿಕೇಟ್ ದ್ರಾವಣವನ್ನು ಸಣ್ಣ ಪ್ರಮಾಣದಲ್ಲಿ ಹಾಕುತ್ತಾ, ಗಾಜಿನ ಮೇಲೆ ಕಂದು ಧೂಳು ದಿನಾ ಕೂರುವ ಮಟ್ಟದಲ್ಲಿ ಎರಡು ತಿಂಗಳು ಇರಿಸಬೇಕು.

ಮರಳು ಸ್ವಚ್ಛವಾದ ಮೇಲೂ ಯುವಿ ಇನ್ನೊಂದು ತಿಂಗಳು ಓಡಲಿ, ನೀರು ಬದಲಿಸುವುದನ್ನು ಶೇಕಡಾ 5ರಿಂದ ಮತ್ತೆ ಶುರುಮಾಡಿ. ಕಲ್ಲಿನ ಮೇಲೆ ನಸುಗೆಂಪು ಕೊರಲೈನ್ ಪಾಚಿಯ ಚುಕ್ಕೆಗಳು ಕಾಣಿಸಿಕೊಂಡಾಗ ಮೊದಲ ಮೆದು ಹವಳ ತರಬಹುದು.